ಹಣ್ಣಾಗದ ಕಣ್ಣು

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಯಾವುದನ್ನೂ ಹಸಿಯಾಗಿದ್ದಾಗ ಮುಟ್ಟುವ ಪದ್ಧತಿಯಿಲ್ಲ. ಕುರು ಹಣ್ಣಾಗಬೇಕು, ಜಗಳ ಹಣ್ಣಾಗಬೇಕು, ಕಣ್ಣಿನ ಮೋತಿಬಿಂದುವೂ ಹಣ್ಣಾಗಬೇಕು. ಪೊರೆ ಪೂರ್ತಿ ಬಲಿತು, ಎದುರಿಗೆ ನಿಂತ ಬೀಗರು ಯಾರೆಂದು ತಿಳಿಯದಂತಾದ ಮೇಲೆಯೇ ಹಿರಿಯರು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದರು. ಈ ಶಾಸ್ತ್ರವನ್ನು ನಾನು ಪೂರ್ತಿ ನಂಬಿದ್ದೆ. ಕೇಳದವರಿಗೂ ಹೇಳುತ್ತಿದ್ದೆ. ಪುಕ್ಕಟೆ ಸಲಹೆ ಕೊಡುವುದರಲ್ಲಿ ನಿವೃತ್ತ ಮಾಸ್ತರರನ್ನು ಮೀರಿಸುವವರಿಲ್ಲ.

ನಾನು ಡ್ರಾಯಿಂಗ್ ಮಾಸ್ತರ. ಜೀವಮಾನವೆಲ್ಲ ಮಕ್ಕಳಿಗೆ ಗೆರೆಯನ್ನು ನೆಟ್ಟಗೆ ಎಳೆಯಲು ಕಲಿಸಿದವನು. ಹೀಗಿರುವಾಗ ಒಂದು ಮುಂಜಾನೆ ಉಣಕಲ್ಲಿನ ನಮ್ಮ ಮನೆಯ ಕಿಟಕಿಯ ಸರಳುಗಳು ನಡುವಿನಲ್ಲಿ ಸೊಟ್ಟಗೆ ಕಂಡವು. ನೇರವಾಗಿ ವೆಲ್ಡಿಂಗ್ ಅಂಗಡಿಗೆ ಹೋಗಿ ಜಗಳ ತೆಗೆದೆ. ಮರುದಿನ ರಸ್ತೆಯ ಲೈಟಿನ ಕಂಬ ಸೊಟ್ಟಗೆ ಕಂಡಿತು. ಅದರಿಂದ ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಊರಿನಲ್ಲಿ ಕಂಬ ನೆಟ್ಟಗೆ ಕಂಡರೆ ಮಾತ್ರ ಕಣ್ಣು ತೋರಿಸಿಕೊಳ್ಳಬೇಕು. ಪೇಪರಿನ ಸಾಲುಗಳೂ ಕುಣಿಯತೊಡಗಿ ನಾನು ಸಂಪಾದಕರನ್ನು ಬಯ್ಯುತ್ತಿದ್ದಾಗ ಹೆಂಡತಿ ಶಾಂತಾ ಕೇಳಿದಳು: "ಊರ ಮಂದೀದೆಲ್ಲಾ ಸೊಟ್ಟ, ನಿಮ್ಮ ಕಣ್ಣ ಒಂದ ನೆಟ್ಟಗ ಐತೇನ್ರಿ?"

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಹನಿ ಹಾಕಿ, ಬೆಳಕು ಬಿಟ್ಟು ನೋಡಿದರು. "ಇದು ಮೋತಿಬಿಂದು ಅಲ್ರಿ ಸರ್. ಕಣ್ಣಿನ ಹಿಂದಿನ ಪರದೆಗೆ ವಯಸ್ಸಾದ ಮ್ಯಾಲೆ ಬರೂ ರೋಗ. ಎಡಗಣ್ಣಾಗ ಒಳಗಿನ ರಕ್ತನಾಳ ಸೋರಾಕತ್ತಾವು. ಲಗೂನ ಇಂಜೆಕ್ಷನ್ ಕೊಡಬೇಕು" ಎಂದರು. ಎಲ್ಲಿಗೆ ಎಂದು ಕೇಳಿದೆ. ಕಣ್ಣಿಗೇ ಎಂದರು. ನಾನು ಎದ್ದು ಚಪ್ಪಲಿ ಹುಡುಕತೊಡಗಿದೆ.

"ಹಣ್ಣಾಗೂತನಕಾ ತಡದ್ರ ನಡಿಯೂದಿಲ್ಲೇನ್ರಿ?"

"ಇದು ಹಣ್ಣಾಗೂದಿಲ್ರಿ. ಕಲೆ ಕಟ್ಟತೈತಿ. ಹೋದ ದೃಷ್ಟಿ ಹೊಳ್ಳಿ ಬರೂದಿಲ್ಲ."

ಇಷ್ಟು ಬಿಡಿಸಿ ಹೇಳಿದ ಮೇಲೂ, ಮನೆಗೆ ಬಂದು ನಾನು ಕೇಳಿದ್ದು ಪಕ್ಕದ ಮನೆಯ ಬಸಪ್ಪ ಕಾಕಾರನ್ನು. ಹತ್ತಿ ವ್ಯಾಪಾರ ಬಿಟ್ಟ ಮೇಲೆ ಅವರು ವೈದ್ಯಶಾಸ್ತ್ರ ಹಿಡಿದಿದ್ದರು. "ಶ್ರಾವಣದಾಗ ಯಾರರ ಕಣ್ಣಿಗೆ ಸೂಜಿ ಚುಚ್ಚಿಸ್ಕೋತಾರೇನ್ರಿ ಮಾಸ್ತರ?" ಎಂದರು. ಸೂಜಿಗೆ ಹೆದರಿದವನಿಗೆ ಇಷ್ಟೇ ಸಾಕಾಗಿತ್ತು. ಶ್ರಾವಣ ಹೋಯಿತು, ಗಣಪತಿ ಬಂದ. ಗಣಪತಿ ಹೋದ, ಪಕ್ಷಮಾಸ ಬಂತು. ನಮ್ಮ ಪಂಚಾಂಗದಲ್ಲಿ ಕಾಯಿಲೆ ಬರಲು ಎಲ್ಲ ದಿನವೂ ಪ್ರಶಸ್ತ, ಔಷಧಕ್ಕೆ ಮಾತ್ರ ಮುಹೂರ್ತವಿಲ್ಲ.

ಒಂದು ದಿನ ಬಲಗಣ್ಣು ಮುಚ್ಚಿಕೊಂಡು ಶಾಂತಾಳನ್ನು ನೋಡಿದೆ. ಸೀರೆಯ ಅಂಚು ಕಂಡಿತು, ಕೈಯಲ್ಲಿದ್ದ ಚಹದ ಬಟ್ಟಲು ಕಂಡಿತು, ಮುಖ ಇರಬೇಕಾದಲ್ಲಿ ಮಸಿ ಒರೆಸಿದಂಥ ಒಂದು ಕಲೆ. ನಾನು ನಿಜಕ್ಕೂ ಹೆದರಿದೆ. ಮರುದಿನ, ಇವತ್ತು ಅಮಾವಾಸ್ಯೆ ಎಂದು ಕಾಕಾ ಕಾಂಪೌಂಡಿನಾಚೆಯಿಂದ ಕೂಗಿದರೂ ನಿಲ್ಲದೆ ಬಸ್ಸು ಹತ್ತಿದೆ.

ಹೆದರಿದಷ್ಟು ನೋವೇನೂ ಆಗಲಿಲ್ಲ. "ಮೊದಲ ಬಂದಿದ್ರ ಇನ್ನೂ ಭಾಳ ಉಳೀತಿತ್ರಿ. ಇರ್ಲಿ, ಉಳದದ್ದರ ಉಳಸೋಣು. ತಿಂಗಳಿಗೊಂದು ಇಂಜೆಕ್ಷನ್ ತಪ್ಪಸಬ್ಯಾಡ್ರಿ" ಎಂದರು ಡಾಕ್ಟರು. ಎರಡು ಮೂರು ಸಲ ಹೋಗಿ ಬಂದ ಮೇಲೆ ಶಾಂತಾಳ ಕುಂಕುಮ, ಮೂಗು ಇಷ್ಟಿಷ್ಟೇ ಕಂಡವು. ನನಗೆ ಬಹಳ ಸಂತೋಷವಾಯಿತು.

ಅಂದಿನಿಂದ ಬೇಗ ಚಿಕಿತ್ಸೆ ಮಾಡಿಸಿಕೊಳ್ಳುವುದರ ಬಗ್ಗೆ ಊರಿಗೆಲ್ಲ ಉಪನ್ಯಾಸ ಶುರುಮಾಡಿದೆ. ಕಾಕಾ ಒಮ್ಮೆ ಪೇಪರಿನ ಅಕ್ಷರಗಳು ಮಸುಕಾಗಿವೆ, ಯುಗಾದಿ ಮುಗಿಯಲಿ ನೋಡೋಣ ಎಂದದ್ದೇ ತಡ, ಅವರನ್ನು ಬಸ್ಸಿಗೆ ಎಳೆದು ಹತ್ತಿಸಿದೆ. ತಡಮಾಡುವವರ ಮೂರ್ಖತನವನ್ನು ದಾರಿಯುದ್ದಕ್ಕೂ ವಿವರಿಸಿದೆ. ಡಾಕ್ಟರು ಅವರನ್ನು ನೋಡಿ, "ಕಾಕಾ, ನಿಮ್ಮ ಕಣ್ಣ ಛಲೋ ಅದಾವು. ಓದೂ ಚಾಳೀಸಿನ ಗ್ಲಾಸ್ ಅಷ್ಟ ಬದಲ ಮಾಡ್ರಿ" ಎಂದವರು ನನ್ನ ಕಡೆ ತಿರುಗಿದರು.

"ಸರ್, ನಿಮ್ಮ ಇಂಜೆಕ್ಷನ್ ಹೋದ ತಿಂಗಳ ಇತ್ತಲ್ರಿ?"

"ಸ್ವಲ್ಪ ಛಲೋ ಕಾಣಾಕತ್ತಿತ್ರಿ. ಮತ್ತ ಮನಿಗೆ ಸುಣ್ಣಾ ಹಚ್ಚೂದು ನಡದಿತ್ತು..."

ಅವರು ಕುರ್ಚಿ ತೋರಿಸಿದರು. ಬಲಗಣ್ಣು ಮುಚ್ಚಿಕೊಂಡು ಗೋಡೆಯ ಅಕ್ಷರಗಳನ್ನು ನೋಡಿದೆ. ಹಿಂದಿನ ಸಲ ಓದಿದ್ದ ಸಾಲಿನ ನಡುಭಾಗ ಈಗ ಇರಲಿಲ್ಲ. ಅಷ್ಟರಲ್ಲಿ ಹಿಂದೆ ನಿಂತಿದ್ದ ಕಾಕಾ ನನ್ನ ಕಿವಿಯ ಹತ್ತಿರ ಬಾಗಿ, ಪಿಸುಮಾತಿನಲ್ಲಿ ಒಂದೊಂದೇ ಅಕ್ಷರ ಹೇಳಿಕೊಡತೊಡಗಿದರು. ನಾನು ಹಾಗೆಯೇ ಒಪ್ಪಿಸಿದೆ, ಒಂದೂ ತಪ್ಪಿಲ್ಲದೆ.

"ಕಾಕಾರ ಕಣ್ಣ ಛಲೋ ಅದಾವಂತ ನಾ ಆಗಲೇ ಹೇಳೇನ್ರಿ ಸರ್," ಎಂದರು ಡಾಕ್ಟರು, "ಈಗ ನಿಮ್ಮ ಕಣ್ಣಿಲೆ ಓದ್ರಿ."