ಕಡೇ ಪಂಕ್ತಿಯ ರೋಟರಿ

ಚನ್ನಪಟ್ಟಣದ ನಮ್ಮ ಸೋದರಮಾವನ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಸಾಮಾನು ಬೇಗ ಸಿಗಬೇಕಾದರೆ ಒಂದೇ ಒಂದು ಅರ್ಹತೆ ಸಾಕು: ನೀವು ಅವರ ನೆಂಟರಾಗಿರಬಾರದು! ದೂರದ ನೆಂಟರಾದರೆ ಹೇಗೋ ಕಾದು ಪಡೆಯಬಹುದು. ಒಡಹುಟ್ಟಿದ ಅಕ್ಕನ ಮಗನಾಗಿದ್ದರೆ, ಅಂದರೆ ನನ್ನ ಹಾಗಿದ್ದರೆ, ಒಂದು ಜೊತೆ ಎತ್ತು ಕೊಂಡು ಸುಮ್ಮನಾಗುವುದು ವಾಸಿ.

ಲೋಕದ ಅಂಗಡಿಯವರೆಲ್ಲ ಏನು ಮಾಡುತ್ತಾರೆ? ಹೊರಗಿನವರಿಗೆ ಸ್ಟಾಕ್ ಇಲ್ಲ ಎಂದು ಹೇಳಿ, ತಮ್ಮವರಿಗೆ ಒಳಗಿನಿಂದ ತೆಗೆದುಕೊಡುತ್ತಾರೆ. ನಮ್ಮ ಮಾವನದು ಮದುವೆ ಮನೆಯ ಲೆಕ್ಕ. ಬಂದವರೆಲ್ಲ ಉಂಡು ಎದ್ದ ಮೇಲೆ ಮನೆಯವರು ಕೂರಬೇಕು. ಈ ನಿಯಮವನ್ನು ಎಲ್ಲರೂ ಮದುವೆಯ ದಿನ ಪಾಲಿಸುತ್ತಾರೆ. ಮಾವ ಮಾತ್ರ ವರ್ಷವಿಡೀ ಪಾಲಿಸುತ್ತಾರೆ, ಅದೂ ಅಂಗಡಿಯ ಗಲ್ಲಾದ ಮೇಲೆ ಕೂತು!

ನನ್ನ ತಂಗಿಯ ಮದುವೆಯ ಬೀಗರೂಟ ನೆನಪಾಗುತ್ತದೆ. ನಮ್ಮಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದರಿಂದ ಮುಂದೆ ನಿಂತು ಮದುವೆ ಮಾಡಿಸಿದವರು ಮಾವನೇ. ಸೊಂಟಕ್ಕೆ ಟವೆಲ್ ಬಿಗಿದು, ಬಕೆಟ್ ಹಿಡಿದು ಬಡಿಸುತ್ತಿದ್ದರು. ಮಟನ್ ಸಾರಿನ ವಾಸನೆಗೆ ಸೋತ ನಾನು ಮೆಲ್ಲಗೆ ಎರಡನೇ ಪಂಕ್ತಿಯಲ್ಲಿ ನುಸುಳಿ ಕೂತೆ. ಎಲೆಗೆ ಉಪ್ಪು ಬಿದ್ದಿತ್ತು, ಮುದ್ದೆ ಬರುವುದರಲ್ಲಿತ್ತು, ಅಷ್ಟರಲ್ಲಿ ಮಾವ ಬಂದು ರಟ್ಟೆ ಹಿಡಿದು ಎಬ್ಬಿಸಿದರು. "ಏಳ್ಲಾ, ನೀನು ಮನೆಯೋನು." ನಾವು ಕಡೇ ಪಂಕ್ತಿಗೆ ಕೂರುವ ಹೊತ್ತಿಗೆ ತುಂಡುಗಳೆಲ್ಲ ಬೀಗರ ಜೊತೆಯಲ್ಲೇ ಹೊರಟುಹೋಗಿದ್ದವು. ಪಕ್ಕದಲ್ಲಿ ಕೂತ ಮಾವ ಬರೀ ಸಾರಿನಲ್ಲಿ ಮುದ್ದೆ ಅದ್ದಿಕೊಂಡು, ಸಾರು ಬಲು ರುಚಿಯಾಗಿದೆ ಎಂದು ಅಡುಗೆಯವನನ್ನು ಕೂಗಿ ಹೊಗಳಿದರು. ಇಂಥವರಿಗೆ ಏನು ಹೇಳುವುದು ನೀವೇ ಹೇಳಿ.

ಅಂಗಡಿಯಲ್ಲಿ ಅವರಿಗೆ ಇನ್ನೊಂದು ಹುಚ್ಚು, ಮಳೆಯದು. ಯಾವ ಗಿರಾಕಿ ಫೋನ್ ಮಾಡಿದರೂ ಮೊದಲ ಪ್ರಶ್ನೆ, ನಿಮ್ಮ ಕಡೆ ಮಳೆ ಆಯಿತಾ ಎಂದು. ರಾಗಿ ಹೊಲಕ್ಕೆ ಮಳೆ ಬಿದ್ದು ನಿಂತ ಮೇಲೆ, ಮಣ್ಣು ಹಿಡಿದರೆ ಉಂಡೆಯಾಗಿ ಬಿಟ್ಟರೆ ಉದುರುವ ಹದ ಒಂದು ಬರುತ್ತದಲ್ಲ, ಅದು ಯಾರಿಗೂ ಕಾಯುವುದಿಲ್ಲ. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಉಳುವ ರೋಟರಿಯೋ ಉತ್ತರದ ಯಾವುದೋ ಊರಿನ ಕಾರ್ಖಾನೆಯಿಂದ ಲಾರಿಯಲ್ಲಿ ತೂಕಡಿಸುತ್ತಾ ಬರಬೇಕು. ಹಾಗಾಗಿ ಬಂದದ್ದನ್ನು ಬುಕ್ ಮಾಡಿದ ಸರದಿಯಂತೆ ಹಂಚುತ್ತಾರೆ. ಸರದಿ ಇನ್ನೂ ಬಾರದ ಯಾರದಾದರೂ ಹೊಲ ಹದಕ್ಕೆ ಬಂದಿದ್ದರೆ ಮಾತ್ರ ಮಾವ ಚಡಪಡಿಸುತ್ತಾರೆ.

ಈ ಗುಟ್ಟು ತಿಳಿದ ಕನಕಪುರದ ಗಿರಾಕಿಯೊಬ್ಬರು ಒಮ್ಮೆ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡೇ ಬಂದರು. ದಾರಿಯುದ್ದಕ್ಕೂ ಮಳೆ, ಹೊಲವೆಲ್ಲ ಹದ, ರೋಟರಿ ಈಗಲೇ ಬೇಕು ಎಂದು ಗೋಳಾಡಿದರು. ಮಾವ ಸಮಾಧಾನವಾಗಿ ಕೇಳಿ, ಕಾಫಿ ತರಿಸಿ ಕುಡಿಸಿ, ಹೊರಗೆ ನಿಲ್ಲಿಸಿದ್ದ ಬೈಕನ್ನು ಒಂದು ಸುತ್ತು ನೋಡಿ ಬಂದರು. ಅದರ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು! "ಅಲ್ಲ ಯಜಮಾನ್ರೇ, ಟವೆಲ್ ಮ್ಯಾಲೆ ಬಿದ್ದ ಮಳೆ ಬೈಕ್ ಮ್ಯಾಲೆ ಯಾಕೆ ಬೀಳ್ನಿಲ್ಲ?" ಎಂದರು. ಆತ ನಾಚಿ ನಕ್ಕು, ಟವೆಲ್ ಹಿಂಡಿಕೊಂಡು ಹೋದರು.

ಇಂಥ ಅಂಗಡಿಯಲ್ಲಿ ಈ ಮುಂಗಾರಿನಲ್ಲಿ ನಾನು ರೋಟರಿ ಬುಕ್ ಮಾಡಿದೆ. ಹಳೆಯದರ ಗೇರ್ ಬಾಕ್ಸ್ ಒಡೆದು ರಿಪೇರಿಯವನೂ ಕೈಮುಗಿದಿದ್ದ. ನಮ್ಮ ಅಕ್ಕೂರು ಕಡೆಯ ಹೊಲದಲ್ಲಿ ರಾಗಿ ಬಿತ್ತದೆ ಹೋದರೆ ವರ್ಷದ ಮುದ್ದೆಗೆ ಅಂಗಡಿ ರಾಗಿಯೇ ಗತಿ. ಅದಕ್ಕಿಂತ ಅವಮಾನ ಇನ್ನೇನಿದೆ? ಲೋಡ್ ಎಲ್ಲಿದೆ ಎಂದು ದಿನಾ ಮೊಬೈಲಿಗೆ ಮೆಸೇಜ್ ಬರುತ್ತಿತ್ತು. ಪುಣೆ ದಾಟಿತು, ಹುಬ್ಬಳ್ಳಿ ದಾಟಿತು, ನೆಲಮಂಗಲಕ್ಕೆ ಬಂತು. ಅಲ್ಲಿ ಬಂದದ್ದು ಕದಲಲೇ ಇಲ್ಲ. ನೆಲಮಂಗಲದಲ್ಲೇ ಹೆಣ್ಣು ನೋಡಿ ಮದುವೆಯಾಗಿರಬೇಕು ಎಂದು ನನ್ನ ಹೆಂಡತಿ ತಮಾಷೆ ಮಾಡಿದಳು.

ಕೊನೆಗೂ ಬಂತೆಂದು ತಿಳಿದು ಓಡಿದರೆ ಅಂಗಡಿಯ ಮುಂದೆ ಬರೀ ಜಾಗವಿದೆ! ಮಾಗಡಿ ಕಡೆ ಮಳೆಯಾಗಿತ್ತಂತೆ, ಅಲ್ಲಿನ ಒಬ್ಬರದು ಸರದಿ ಹಿಂದಿತ್ತಂತೆ, ಕೊಟ್ಟು ಕಳಿಸಿದರಂತೆ.

"ಮಾವ, ಅದು ನನ್ನ ಹೆಸ್ರಲ್ಲಿ ಬಂದ ರೋಟರಿ ಅಲ್ವಾ?"

"ಹೂಂ ಕಣಪ್ಪ, ನಿಂದೇಯ. ಅದ್ಕೇ ಕೊಟ್ಟೆ. ಬ್ಯಾರೆಯೋರ್ದ ಎತ್ತಿ ಕೊಡೋಕಾಯ್ತದಾ?"

ಈ ಮಾತಿಗೆ ಯಾವ ಕೋರ್ಟಿನಲ್ಲಿ ಉತ್ತರವಿದೆ? ಮುಂದಿನ ಲೋಡಿನಲ್ಲಿ ಬಂದದ್ದೂ ನನ್ನ ಕಣ್ಣಿಗೆ ಬೀಳಲಿಲ್ಲ. ಅದು ಟವೆಲಿನ ಯಜಮಾನರಿಗೆ ಹೋಯಿತು. ಈ ಸಲ ಅವರ ಬೈಕೂ ಕೆಸರಾಗಿತ್ತಂತೆ.

ಅದಾದ ಮೇಲೆ ಒಂದು ಸಂಜೆ ನಮ್ಮ ಹೊಲಕ್ಕೂ ಮಳೆ ಸುರಿಯಿತು. ಎಂಥ ಮಳೆ! ಊರೆಲ್ಲ ಹಿಗ್ಗಿದರೆ ನಾನೊಬ್ಬ ಜಗಲಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತೆ. ಬಾಡಿಗೆಗೆ ಕೇಳಿದರೆ ಊರಿನ ಒಂದು ಟ್ರ್ಯಾಕ್ಟರಿಗೂ ಬಿಡುವಿಲ್ಲ. ಹೆಂಡತಿಯ ತಮಾಷೆ ಮುಗಿದಿತ್ತು. ನಿಮ್ಮ ಮಾವ ಊರಿಗೆಲ್ಲ ಉಪಕಾರಿ, ಮನೆಗೆ ಮಾರಿ ಎಂದಳು. ನನಗೂ ಸಿಟ್ಟು ನೆತ್ತಿಗೇರಿ, ಫೋನ್ ಮಾಡಿ, ನಾಳಿದ್ದಿಗೆ ಹದ ಬರುತ್ತದೆ, ಬಿತ್ತನೆ ತಪ್ಪಿದರೆ ಇನ್ನು ನಿಮ್ಮ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂದುಬಿಟ್ಟೆ. ಮಾವನಿಗೆ ಕೇಳಿಸಿದ್ದು ಮೊದಲರ್ಧ ಮಾತ್ರ. "ನಾಳಿದ್ದಾ? ಆಯ್ತು ಬುಡು," ಎಂದು ಫೋನ್ ಇಟ್ಟರು.

ಆ ದಿನ ಬೆಳಗ್ಗೆ ಹೊಲದ ಕಡೆಯಿಂದ ಟ್ರ್ಯಾಕ್ಟರ್ ಸದ್ದು ಕೇಳಿ ಓಡಿದೆ. ಒಂದಲ್ಲ, ಎರಡು! ಒಂದು ಮಾಗಡಿಯದು, ಇನ್ನೊಂದು ಕನಕಪುರದ ಟವೆಲ್ ಯಜಮಾನರದು. ಎರಡರ ಹಿಂದೆಯೂ ನನ್ನ ಹೆಸರಲ್ಲಿ ಬಂದಿದ್ದ ಹೊಸ ರೋಟರಿ. ಮಾಗಡಿಯವರು ಸೀಟಿನಿಂದ ಇಳಿದು ಹೇಳಿದರು: "ನಿಮ್ಮ ಮಾವ ಕೊಡುವಾಗ್ಲೇ ಒಂದು ಮಾತು ಹೇಳಿದ್ರು ಕಣಪ್ಪ. ಇದು ನಮ್ಮ ಹುಡುಗಂದು, ಅವನ ಹೊಲ ಹದಕ್ಕೆ ಬಂದ ದಿನ ನೀವು ಬಂದು ಹೊಡ್ಕೊಡ್ಬೇಕು ಅಂತ. ನಮ್ದು ಮುಯ್ಯಾಳು ಲೆಕ್ಕ."

ಇವತ್ತು ನಿನಗೆ ನಾನು, ನಾಳೆ ನನಗೆ ನೀನು ಎಂದು ಒಬ್ಬರ ಹೊಲದಲ್ಲಿ ಒಬ್ಬರು ದುಡಿಯುವ ಮುಯ್ಯಾಳು ಪದ್ಧತಿ ಕಳೆ ಕೀಳುವುದಕ್ಕೆ, ನಾಟಿಗೆ ಇರುವುದು ಗೊತ್ತಿತ್ತು. ರೋಟರಿಗೂ ಉಂಟು ಎಂದು ತಿಳಿದದ್ದು ಅವತ್ತೇ. ಇಷ್ಟು ದೂರ ರಸ್ತೆಯಲ್ಲಿ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದವರ ಕೈಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಮಧ್ಯಾಹ್ನದೊಳಗೆ ಉಳುಮೆ ಮುಗಿದು ರಾಗಿಯೂ ಬಿತ್ತಿದ್ದಾಯಿತು. ಹೆಂಡತಿ ಮಾರಿಯ ಮಾತನ್ನೆಲ್ಲ ಮರೆತು ನಾಟಿಕೋಳಿ ಸಾರು, ಮುದ್ದೆ ಹೊತ್ತು ತಂದಳು. ಅಷ್ಟರಲ್ಲಿ ಸ್ಕೂಟರಿನಲ್ಲಿ ಮಾವ ಬಂದಿಳಿದರು. ಬಂದವರೇ ಸೊಂಟಕ್ಕೆ ಟವೆಲ್ ಬಿಗಿದರು. ಬದುವಿನ ಮೇಲೆ ಆ ಇಬ್ಬರನ್ನೂ ಕೂರಿಸಿ, ಬೇಡ ಬೇಡ ಎಂದರೂ ಕೇಳದೆ ಬಡಿಸಿದರು. ನಾನು ತಟ್ಟೆಗೆ ಕೈ ಹಾಕಲು ಹೋಗಿ, ಅವರ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡೆ.

ಅವರು ಉಂಡು ಹೊರಟ ಮೇಲೆ ಮಾವನೂ ನಾನೂ ಕೂತೆವು. ಎರಡೆರಡು ಸಲ ನನ್ನದನ್ನೇ ಯಾಕೆ ಕೊಟ್ಟಿರಿ ಎಂದು ಕೇಳಿದೆ. ಈ ಸಲ ಸಿಟ್ಟಿರಲಿಲ್ಲ. ಮಾವ ಮುದ್ದೆ ಮುರಿಯುತ್ತಾ ಹೇಳಿದರು: "ಕಾಯ್ಸೋಕೆ ನಮ್ಮೋನು ಅಂತ ಒಬ್ಬ ಇರ್ಬೇಕಲ್ಲಪ್ಪ. ಬ್ಯಾರೆಯೋರ್ನ ಕಾಯ್ಸಿದ್ರೆ ಬೈಕೊಂಡು ಹೋಯ್ತಾರೆ. ನೀನು ಬೈಕೊಂಡಾದ್ರೂ ಬತ್ತೀಯ."

ಅಪ್ಪ ಹೋದ ಮೇಲೆ ನನ್ನನ್ನು ಹೀಗೆ ಧೈರ್ಯವಾಗಿ ಕಾಯಿಸುವ ಇನ್ನೊಂದು ಜೀವ ಈ ಲೋಕದಲ್ಲಿಲ್ಲ ಎಂದು ನನಗೆ ಹೊಳೆಯಿತು.

ಆಗ ಮಾವನ ಫೋನ್ ರಿಂಗಾಯಿತು. ಲೋಡ್ ಬಂದಿದೆಯಂತೆ, ನನ್ನ ರೋಟರಿ ಅದರಲ್ಲಿದೆಯಂತೆ. ಮಾವ, ರಾಮನಗರದ ಕಡೆ ನಿನ್ನೆ ಒಳ್ಳೆ ಮಳೆಯಾಯಿತಂತೆ ಎಂದು ಯಾರಿಗೋ ಹೇಳುವಂತೆ ಬೇಲಿ ನೋಡುತ್ತಾ ಹೇಳಿದರು.

"ಕೊಟ್ಬುಡಿ ಮಾವ," ಎಂದೆ. "ನಂದೇ ಅಲ್ವಾ."

ಮಾವ ಪಾತ್ರೆಯ ತಳದಲ್ಲಿ ಸೌಟು ಆಡಿಸಿ, ಉಳಿದಿದ್ದ ಒಂದೇ ಒಂದು ತುಂಡನ್ನು ಹುಡುಕಿ ನನ್ನ ತಟ್ಟೆಗೆ ಹಾಕಿದರು. ಕಡೇ ಪಂಕ್ತಿಯಲ್ಲಿ ನನಗೆ ತುಂಡು ಸಿಕ್ಕಿದ್ದು ಅದೇ ಮೊದಲು.