ಇಳಿಜಾರಿನಲ್ಲಿ ಕೂಗಿಕೊಂಡ ಒಂಟಿಚಕ್ರದವರಿಗೆ

ಮಾನ್ಯರೇ,

ನರಸಿಂಹರಾಜಪುರ ತಾಲ್ಲೂಕು ಶೆಟ್ಟಿಕೊಪ್ಪದಲ್ಲಿ ಹೆಂಗಸರ ಬಟ್ಟೆ ಹೊಲಿಯುವ ದಾಕ್ಷಾಯಿಣಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬ ಮಾತನ್ನು ಜನ ಪತ್ರದ ಮರ್ಯಾದೆಗೆಂದು ಬರೆಯುತ್ತಾರೆ. ನಾನಾದರೋ ಅದನ್ನು ಮೊಣಕಾಲು, ಮೊಣಕೈ, ಗಲ್ಲ ಸಮೇತ ತಮ್ಮ ಎದುರಿಗೇ ಅನೇಕ ಸಲ ಮಾಡಿ ತೋರಿಸಿದ್ದೇನೆ, ಅದಕ್ಕೆ ನಮ್ಮ ಅಂಗಳವೇ ಸಾಕ್ಷಿ. ತಾವೀಗ ನನ್ನ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಗೋಡೆಗೆ ಒರಗಿಕೊಂಡು, ಬೆಣ್ಣೆ ಕದ್ದು ಬಾಯಿ ಒರೆಸಿಕೊಂಡ ಮಗುವಿನ ಹಾಗೆ ನಿಂತಿದ್ದೀರಿ. ಬರೆದು ಮುಗಿದ ಮೇಲೆ ಈ ಪತ್ರವನ್ನು ಅಂಗಡಿಯ ಬಾಗಿಲಿಗೇ ಅಂಟಿಸುತ್ತೇನೆ. ತಮ್ಮ ವಿಷಯ ಕೇಳುವುದಕ್ಕೆಂದೇ ಬಂದು, ಅಳತೆ ಕೊಡದೆ ಹೋಗುವವರಿಗೆ ಇನ್ನು ಮೇಲೆ ಹೊರಗಡೆಯೇ ಓದಿಕೊಳ್ಳುವ ಅನುಕೂಲವಾಗಲಿ.

ತಾವು ನಮ್ಮ ಮನೆಗೆ ಬಂದ ರೀತಿಯ ಬಗ್ಗೆಯೇ ನನಗೆ ಮೊದಲು ತಕರಾರಿದೆ. ದೀಪಾವಳಿಗೆ ಎನ್.ಆರ್.ಪುರದ ಒಂದು ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಕೊಂಡಾಗ ಲಕ್ಕಿ ಡ್ರಾ ಕೂಪನ್ ಕೊಟ್ಟರು. ಮೊದಲ ಬಹುಮಾನ ಸ್ಕೂಟರ್, ಎರಡನೆಯದು ಎಲೆಕ್ಟ್ರಿಕ್ ವಾಹನ ಎಂದು ಬೋರ್ಡು ಹಾಕಿದ್ದರು. ಎರಡನೆಯದು ನಿಮಗೆ ಬಂದಿದೆ ಎಂದು ಫೋನು ಬಂದಾಗ, ಖುಷಿಯಲ್ಲಿ ನಾನು ಯಾರದೋ ರವಿಕೆಯ ಎಡತೋಳನ್ನು ಬಲಕ್ಕೆ ಕೂರಿಸಿಬಿಟ್ಟೆ. ಪೆಟ್ಟಿಗೆ ಬಿಚ್ಚಿದರೆ ಒಳಗೆ ತಾವು. ಒಂದೇ ಒಂದು ದಪ್ಪ ಚಕ್ರ, ಅದರ ಎರಡೂ ಪಕ್ಕದಲ್ಲಿ ಪಾದ ಇಡಲು ಮಡಚುವ ಹಲಗೆ, ನೆತ್ತಿಯ ಮೇಲೊಂದು ಹಿಡಿಕೆ. ಸೀಟಿಲ್ಲ, ಹ್ಯಾಂಡಲ್ ಇಲ್ಲ, ಬ್ರೇಕಂತೂ ಕೇಳಲೇಬಾರದು. ಉಳಿದರ್ಧ ಇನ್ನೊಂದು ಲಾರಿಯಲ್ಲಿ ಬರಬಹುದೆಂದು ನಮ್ಮ ಅತ್ತೆ ನೀಲಾಂಬಿಕೆಯವರು ಎರಡು ದಿನ ಜಗಲಿಯಲ್ಲಿ ಕೂತು ದಾರಿ ನೋಡಿದರು.

ಆದರೂ ತಮ್ಮನ್ನು ವಾಪಸು ಕಳಿಸಲಿಲ್ಲ ಏಕೆಂದು ಹೇಳುತ್ತೇನೆ, ಕೇಳಿ. ನಮ್ಮ ಮನೆ ದಿಬ್ಬದ ಮೇಲೆ, ನನ್ನ ಅಂಗಡಿ ಕೆಳಗೆ ಸರ್ಕಲ್ಲಿನಲ್ಲಿ. ನಡುವೆ ಕಾಂಕ್ರೀಟು ರಸ್ತೆ. ಬಟ್ಟೆ ಗಂಟು ಹೊತ್ತು ನಡೆದರೆ ಮುಕ್ಕಾಲು ಗಂಟೆ, ಹಾಲು ಕರೆದು ತಿಂಡಿ ಮುಗಿಸಿ ಹೊರಡುವವಳಿಗೆ ಅಷ್ಟು ಪುರುಸೊತ್ತೆಲ್ಲಿ? ಹಾಗಾಗಿ ಮದುವೆಯಾದಾಗಿನಿಂದ ನಾನು ನಮ್ಮ ಮನೆಯವರ ಬೈಕಿನ ಹಿಂದಿನ ಸೀಟಿನ ಸಾಮಾನು. ನಮ್ಮ ಮನೆಯವರು, ಅಂದರೆ ಕಲ್ಲೇಶ್ ಅವರು, ಬಹಳ ಒಳ್ಳೆಯವರು. ಅವರ ಬೈಕು ಅವರಿಗಿಂತ ಒಳ್ಳೆಯದು, ಎದುರಿಗೆ ಪರಿಚಯದ ಮುಖ ಕಂಡರೆ ತಾನೇ ನಿಂತುಬಿಡುತ್ತದೆ. ಅಡಿಕೆ ರೇಟು, ಯಾರದೋ ಬಾವಿ, ಯಾರದೋ ಮಗಳ ಜಾತಕ, ಎಲ್ಲ ಅಲ್ಲೇ ವಿಚಾರಣೆಯಾಗಬೇಕು. ಕರೆಯಲು ಹೋದರೆ ಅವರ ಬಾಯಲ್ಲಿ ಒಂದೇ ಮಾತು: "ಐದೇ ನಿಮಿಷ, ಬಂದೆ." ಆ ಐದು ನಿಮಿಷದಲ್ಲಿ ನಾನು ಬೈಕಿನ ಪಕ್ಕ ನಿಂತುಕೊಂಡೇ ಎಷ್ಟೋ ರವಿಕೆಗಳಿಗೆ ಹುಕ್ಕು ಹಾಕಿ ಮುಗಿಸಿದ್ದೇನೆ.

ಇದರ ಫಲವಾಗಿ ಒಂಬತ್ತಕ್ಕೆ ತೆರೆಯಬೇಕಾದ ಅಂಗಡಿ ಹತ್ತೂವರೆಗೆ ತೆರೆಯುತ್ತಿತ್ತು. ಅಂಗಡಿ ಕೋಣೆಯ ಮಾಲೀಕರಾದ ಮಂಜಯ್ಯನವರು ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬಂದು, ಬಹಳ ಸಂಕೋಚದಿಂದ ಕೆಮ್ಮಿ, ಯಾವಾಗ ನೋಡಿದರೂ ಬಾಗಿಲು ಹಾಕಿರುವ ಅಂಗಡಿಗಿಂತ ಮೊಬೈಲ್ ಅಂಗಡಿಯವರಿಗೆ ಕೊಟ್ಟರೆ ಸರ್ಕಲ್ಲಿಗೆ ಕಳೆ ಬರುತ್ತದೆ, ಯುಗಾದಿಯವರೆಗೆ ನೋಡುತ್ತೇನಮ್ಮ ಎಂದು ಹೇಳಿಹೋದರು. ಆ ಕೋಣೆ ನಾನೇ ಸುಣ್ಣ ಹೊಡೆದ ಕೋಣೆ. ಊರಿನಲ್ಲಿ ನನ್ನ ಹೆಸರು ಬರೆದಿರುವುದು ಅದರ ಬೋರ್ಡಿನ ಮೇಲೆ ಮಾತ್ರ. ಅದು ಕೈಬಿಟ್ಟರೆ ನಾನು ಜಗಲಿಯ ಮೂಲೆಯಲ್ಲಿ ಕೂತು ಹರಿದ ಲಂಗಕ್ಕೆ ತೇಪೆ ಹಾಕಬೇಕು. ಅವತ್ತು ಮನೆಗೆ ಹೋದವಳೇ ಅಟ್ಟದ ಮೇಲಿಂದ ತಮ್ಮನ್ನು ಇಳಿಸಿ ಧೂಳು ಒರೆಸಿದೆ.

ತಮ್ಮ ಜೊತೆ ಬಂದ ಪುಸ್ತಕದಲ್ಲಿ ಒಂದಕ್ಷರವೂ ನಮ್ಮ ಭಾಷೆಯದಲ್ಲ. ಕೊಪ್ಪದಲ್ಲಿ ಮೊಬೈಲ್ ರಿಪೇರಿ ಮಾಡುವ ನನ್ನ ಅಕ್ಕನ ಮಗ ಅವಿನಾಶ ಅದರ ಫೋಟೋ ತರಿಸಿಕೊಂಡು ಓದಿ, ಫೋನಿನಲ್ಲೇ ಪಾಠ ಮಾಡಿದ. ಹೆಲ್ಮೆಟ್ ಇಲ್ಲದೆ ಹತ್ತಬಾರದು, ಮಣಿಕಟ್ಟಿಗೂ ಮೊಣಕಾಲಿಗೂ ರಕ್ಷೆ ಬೇಕು, ಮೊದಲು ಒಂದೇ ಕಾಲಿಟ್ಟು ಅಭ್ಯಾಸ, ಆಮೇಲೆ ಏನನ್ನಾದರೂ ಹಿಡಿದುಕೊಂಡು. ಮೈ ಮುಂದಕ್ಕೆ ಬಾಗಿದರೆ ಓಟ, ಹಿಂದಕ್ಕೆ ವಾಲಿದರೆ ನಿಲುಗಡೆ, ನೋಟ ದೂರಕ್ಕಿರಬೇಕು, ಕಾಲಿನ ಕಡೆ ನೋಡಲೇಬಾರದು. ಹೆಲ್ಮೆಟ್ ನಮ್ಮ ಮನೆಯವರದಿತ್ತು, ಅವರು ಹಾಕದೆ ಇದ್ದುದರಿಂದ ಹೊಸದಾಗಿಯೇ ಇತ್ತು. ಮೊಣಕಾಲಿಗೆ ನಾನು ಅಡಿಕೆ ಹಾಳೆ ಕತ್ತರಿಸಿ, ಒಳಗೆ ರವಿಕೆಯ ಎದೆಭಾಗಕ್ಕೆ ಹಾಕುವ ಸ್ಪಂಜು ಇಟ್ಟು, ಅಂಚಿನ ಸುತ್ತ ಪೈಪಿಂಗ್ ಕೊಟ್ಟು ಹೊಲಿದೆ. ನಾನು ಬಿದ್ದ ಕೂಡಲೇ ತಾವು ಓಡಿಹೋಗದಂತೆ ಹಿಡಿಕೆಗೆ ಪಟ್ಟಿ ಕಟ್ಟಬೇಕೆಂದು ಅವಿನಾಶ ಹೇಳಿದ್ದಕ್ಕೆ ಅತ್ತೆಯವರು ಕರುವಿನ ಹಗ್ಗ ತಂದುಕೊಟ್ಟರು. ಸೀರೆ ತಮಗೆ ಒಗ್ಗುವುದಿಲ್ಲವಾದ್ದರಿಂದ ಚೂಡಿದಾರ ಹೊಲಿದುಕೊಂಡೆ. ಈ ಮನೆಯಲ್ಲಿ ನಾನು ಅದನ್ನು ತೊಟ್ಟದ್ದು ಅದೇ ಮೊದಲು. ಅತ್ತೆಯವರು ಮೇಲಿಂದ ಕೆಳಗೆ ನೋಡಿ, ಜೇಬು ಇಟ್ಟಿದ್ದೀಯೋ ಇಲ್ಲವೋ ಎಂದಷ್ಟೇ ಕೇಳಿದರು.

ನಮ್ಮ ಕಡೆ ಸಪಾಟು ನೆಲವೆಂದರೆ ಅಡಿಕೆ ಒಣಗಿಸುವ ಅಂಗಳವೊಂದೇ. ಕೊಯ್ಲು ಮುಗಿದಿತ್ತು, ಚಪ್ಪರ ಇನ್ನೂ ಕಿತ್ತಿರಲಿಲ್ಲ, ಹಿಡಿದುಕೊಳ್ಳಲು ಕಂಬಗಳಿದ್ದವು. ಒಂದು ಕೈ ಕಂಬಕ್ಕೆ, ಇನ್ನೊಂದು ಅತ್ತೆಯವರ ಹೆಗಲಿಗೆ. ಆಗ ತಾವು ಮಾಡಿದ್ದು ನೆನಪಿದೆಯೇ? ಹತ್ತಿ ನಿಂತ ಕೂಡಲೇ ಹಿಂದೆ, ಮುಂದೆ, ಹಿಂದೆ, ಮುಂದೆ ಎಂದು ಜ್ವರ ಬಂದವರ ಹಾಗೆ ನಡುಗಿದಿರಿ. ತಮ್ಮಲ್ಲಿಯೇ ದೋಷವೆಂದು ನಾನು ವಾರಂಟಿಗೆ ಕಳಿಸುವ ಹಂತಕ್ಕೆ ಹೋಗಿದ್ದೆ. ನಾನು ಕಳಿಸಿದ ವಿಡಿಯೋ ನೋಡಿದ ಅವಿನಾಶ ಬಿದ್ದು ಬಿದ್ದು ನಕ್ಕು, ಚಿಕ್ಕಮ್ಮಾ ನೀವು ಹೊಲಿಗೆ ಮಿಷನ್ ತುಳಿಯುತ್ತಿದ್ದೀರಿ ಎಂದ. ನಿಜವೇ. ಪಾದದ ಕೆಳಗೆ ಹಲಗೆ ಸಿಕ್ಕಿದರೆ ಬೆರಳು, ಹಿಮ್ಮಡಿ, ಬೆರಳು, ಹಿಮ್ಮಡಿ ಎಂದು ಒತ್ತುವುದು ನನ್ನ ಕಾಲಿಗೆ ಹುಟ್ಟುಗುಣವಾಗಿಹೋಗಿದೆ. ನನ್ನ ಹೊಲಿಗೆ ಮಿಷನ್ನು ಇಷ್ಟು ವರ್ಷ ಅದನ್ನು ಸಹಿಸಿಕೊಂಡು ಹೊಲಿದು ಕೊಟ್ಟಿದೆ. ತಮ್ಮದು ಸೂಕ್ಷ್ಮ ಪ್ರಕೃತಿ, ಹಿಮ್ಮಡಿ ಕೂದಲೆಳೆಯಷ್ಟು ಒತ್ತಿದರೂ ಮುನಿಸು.

ಕಾಲು ಬುದ್ಧಿ ಕಲಿತ ಮೇಲೆ ಕಣ್ಣಿನ ಸರದಿ. ದರ್ಜಿಯ ಕಣ್ಣು ಸೂಜಿ ಬಿಟ್ಟು ಆಚೆ ಹೋದರೆ ಬೆರಳಿಗೆ ಅಪಾಯ. ಅದಲ್ಲದೆ ಇನ್ನೊಂದಿದೆ. ಮದುವೆಯಾಗಿ ಈ ಮನೆಯ ಹೊಸ್ತಿಲು ದಾಟಿದ ದಿನ ಇದೇ ಅತ್ತೆಯವರು ಕಿವಿಯ ಹತ್ತಿರ ಬಂದು, ನಾಲ್ಕು ಜನ ನೋಡ್ತಾರೆ, ನೆಲ ನೋಡ್ಕಂಡು ನಡಿಯಮ್ಮ ಎಂದಿದ್ದರು. ಬೈದು ಹೇಳಿದ್ದಲ್ಲ, ಅಕ್ಕರೆಯಿಂದಲೇ ಹೇಳಿದ್ದು, ನಾನೂ ಅಷ್ಟೇ ಅಕ್ಕರೆಯಿಂದ ಪಾಲಿಸಿದೆ. ಈ ಊರಿನ ರಸ್ತೆಯ ಒಂದೊಂದು ಕಲ್ಲೂ ನನಗೆ ಗೊತ್ತು. ಎದುರುಮನೆಯವರ ಮಹಡಿಗೆ ಯಾವ ಬಣ್ಣವೆಂದು ಕೇಳಬೇಡಿ. ತಾವು ಬಂದು, ತಲೆ ಎತ್ತದಿದ್ದರೆ ಒಂದು ಮಾರೂ ಹೋಗುವುದಿಲ್ಲ ಎಂದು ಹಟ ಹಿಡಿದಿರಿ. ಅಂಗಳದಾಚೆಯ ಹಲಸಿನ ಮರದ ತುದಿ ನೋಡುತ್ತ ನೋಡುತ್ತ ಒಂದು ಸಂಜೆ ನಾನು ಕಂಬ ಬಿಟ್ಟೆ, ಅತ್ತೆಯವರ ಹೆಗಲನ್ನೂ ಬಿಟ್ಟೆ, ಅಂಗಳ ಪೂರ್ತಿ ಒಂದು ಸುತ್ತು ಬಂದೆ. ಅತ್ತೆಯವರು ಕರುವಿನ ಹಗ್ಗ ಹಿಡಿದು ಹಿಂದೆ ಓಡುತ್ತಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ.

ಇನ್ನು ತಮ್ಮ ಮಹಾಪರಾಧಕ್ಕೆ ಬರುತ್ತೇನೆ. ನಮ್ಮ ಕಡೆ ಕರೆಂಟು ಇದ್ದಾಗ ಕಂಡದ್ದನ್ನೆಲ್ಲ ಚಾರ್ಜಿಗೆ ಹಾಕುವುದು ಗೃಹಿಣಿಯ ಧರ್ಮ, ಯಾವಾಗ ಹೋಗುತ್ತದೋ ಯಾರಿಗೆ ಗೊತ್ತು. ಮೊದಲ ಸವಾರಿಯ ಮುನ್ನಾದಿನ ತಮಗೂ ಹೊಟ್ಟೆ ತುಂಬ, ಕಂಠಪೂರ್ತಿ ಚಾರ್ಜು ಉಣಿಸಿದೆ. ಬೆಳಿಗ್ಗೆ ಬಟ್ಟೆಗಂಟನ್ನು ಬೆನ್ನಿಗೆ ಕಟ್ಟಿ ದಿಬ್ಬ ಇಳಿಯತೊಡಗಿದೆನೋ ಇಲ್ಲವೋ, ತಾವು ಬೀಪ್ ಬೀಪ್ ಎಂದು ಕೂಗಿಕೊಂಡು, ಅರ್ಥವಾಗದ ಭಾಷೆಯಲ್ಲಿ ಏನೋ ಶಾಪ ಹಾಕಿ, ಪಾದದ ಹಲಗೆಯ ಮೂತಿಯನ್ನು ಮೇಲಕ್ಕೆತ್ತಿದಿರಿ. ಚಾರ್ಜು ಖಾಲಿಯಾದರೆ ಕೂಗುವ ಯಂತ್ರ ಲೋಕದಲ್ಲೆಲ್ಲ ಇದೆ, ಹೊಟ್ಟೆ ತುಂಬಿತೆಂದು ಕೂಗುವುದನ್ನು ನಾನು ಇಲ್ಲಿಯೇ ಕಂಡದ್ದು. ನಾನು ಲಂಟಾನ ಪೊದೆಯಲ್ಲಿ, ಗಂಟು ಚರಂಡಿಯಲ್ಲಿ. ಯಾರದೋ ಗೃಹಪ್ರವೇಶದ ರೇಷ್ಮೆ ರವಿಕೆಗೆ ಕೆಸರು. ಹಾಳೆಯ ಮೊಣಕಾಲು ಕವಚ ಒಡೆದು ಎರಡಾಯಿತು, ಒಳಗಿನ ಮೊಣಕಾಲಿಗೆ ಏನೂ ಆಗಲಿಲ್ಲ. ಅವತ್ತು ಅಂಗಡಿ ತೆರೆಯಲೇ ಇಲ್ಲ. ಮಂಜಯ್ಯನವರು ಮೊಬೈಲಿನವರನ್ನು ಕರೆತಂದು ಹೊರಗಿನಿಂದಲೇ ಕೋಣೆ ತೋರಿಸಿದರಂತೆ. ಅದನ್ನು ಕೇಳಿ ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ತಮ್ಮ ಮುಂದೆ ಅಳುವಷ್ಟು ಸಲಿಗೆ ಆಗ ಇನ್ನೂ ಬೆಳೆದಿರಲಿಲ್ಲ.

ಅವಿನಾಶ ವಿವರಿಸಿದ. ಇಳಿಜಾರಿನಲ್ಲಿ ತಾವು ಓಟ ತಡೆಯುವಾಗ ಹುಟ್ಟುವ ಕರೆಂಟು ವಾಪಸು ಬ್ಯಾಟರಿಗೇ ಹೋಗಬೇಕಂತೆ, ಬ್ಯಾಟರಿ ತುಂಬಿದ್ದರೆ ಅದಕ್ಕೆ ಜಾಗವಿಲ್ಲವಂತೆ. ಅತ್ತೆಯವರಿಗೆ ಅದು ತಕ್ಷಣ ಅರ್ಥವಾಯಿತು. ಹೊಟ್ಟೆ ಬಿರಿಯುವಂತೆ ಮೇಯಿಸಿದ ಎತ್ತು ಇಳಿಜಾರಿನಲ್ಲಿ ಗಾಡಿ ತಡೆದು ನಿಲ್ಲಿಸುವುದಿಲ್ಲ, ಇದೂ ಹಾಗೇ ಎಂದರು. ದಿಬ್ಬದ ಬುಡದಲ್ಲಿ ಮನೆಯಿದ್ದವರಿಗೆ ಈ ತೊಂದರೆಯಿಲ್ಲ, ನೆತ್ತಿಯ ಮೇಲಿರುವವರು ಮೊದಲು ಒಂದಿಷ್ಟು ಏರಿ, ಹೊಟ್ಟೆ ಕರಗಿಸಿ, ಆಮೇಲೆ ಇಳಿಯಬೇಕು. ನಮ್ಮ ಮನೆಗಿಂತ ಮೇಲಿರುವುದು ಬಸವಣ್ಣನ ಗುಡಿಯೊಂದೇ. ಹಾಗಾಗಿ ನಾನೀಗ ದಿನಾ ಬೆಳಿಗ್ಗೆ ತಮ್ಮನ್ನೇರಿ ಗುಡಿಗೆ ಹೋಗಿ ಮೂರು ಸುತ್ತು ಬಂದು, ನಂತರ ಅಂಗಡಿಗೆ ಇಳಿಯುತ್ತೇನೆ. ದಾಕ್ಷಾಯಿಣಿಗೆ ಈಚೆಗೆ ದೈವಭಕ್ತಿ ಹೆಚ್ಚಿದೆ ಎಂದು ಊರು ಕೊಂಡಾಡುತ್ತಿದೆ, ಈ ಪುಣ್ಯದಲ್ಲಿ ತಮಗೂ ಪಾಲಿದೆ.

ಹಾಗೆ ಮೊದಲ ಸಲ ಇಳಿದದ್ದು ಯುಗಾದಿಗೆ ಮುಂಚಿನ ಸೋಮವಾರ. ಗುಡಿಯಿಂದ ಇಳಿದು ಮನೆಯ ಮುಂದೆ ಬರುವಾಗ ತಿರುವಿನಲ್ಲಿ ತೋಟದ ಕೆಲಸಕ್ಕೆ ಹೊರಟ ಜೀಪು ನಿಂತಿತ್ತು, ಅದರ ತುಂಬ ಜನ. ಜೀಪಿನ ಪಕ್ಕದಲ್ಲಿ ಬೈಕು ನಿಲ್ಲಿಸಿ ಮಾತಾಡುತ್ತಿದ್ದವರು ನಮ್ಮ ಮನೆಯವರೇ. ಎಲ್ಲರ ಕಣ್ಣೂ ನನ್ನ ಮೇಲೆ, ನನ್ನ ಚೂಡಿದಾರದ ಮೇಲೆ. ಹಲಸಿನ ಮರ ಮರೆತುಹೋಯಿತು, ತಲೆ ತನ್ನಷ್ಟಕ್ಕೆ ತಗ್ಗಿತು, ತಾವು ತಕ್ಷಣ ತಿಳಿದುಕೊಂಡು ಓಲಾಡಿದಿರಿ. ಚರಂಡಿ ಮತ್ತೆ ಕಣ್ಣಿಗೆ ಬಿತ್ತು. ಆಗ ಗೇಟಿನ ಹತ್ತಿರ ನಿಂತಿದ್ದ ಅತ್ತೆಯವರು, ಜೀಪಿನವರೆಲ್ಲ ಕೇಳುವ ಹಾಗೆ, ಕೂಗಿದರು.

"ತಲೆ ಎತ್ತೇ ಮಾರಾಯ್ತಿ. ನೆಲ ಎಲ್ಲಿಗೂ ಓಡಿಹೋಗಲ್ಲ."

ಎತ್ತಿದೆ. ಎದುರುಮನೆಯ ಮಹಡಿಗೆ ಗಿಳಿಹಸಿರು ಬಣ್ಣವಂತೆ, ಏನು ಅಭಿರುಚಿಯೋ. ಜೀಪು ದಾಟಿದೆ, ನಮ್ಮ ಮನೆಯವರನ್ನೂ ಅವರ ತೆರೆದ ಬಾಯನ್ನೂ ದಾಟಿದೆ, ಮುಖ್ಯರಸ್ತೆ ಸಿಕ್ಕಿದಲ್ಲಿ ಇಳಿದು ತಮ್ಮನ್ನು ಹಿಡಿಕೆ ಹಿಡಿದು ತಳ್ಳಿಕೊಂಡು ದಾಟಿಸಿ, ಒಂಬತ್ತಕ್ಕೆ ಸರಿಯಾಗಿ ಬಾಗಿಲು ತೆರೆದೆ. ಮಂಜಯ್ಯನವರು ಕೈಯ ವಾಚು ನೋಡಿ, ಅದು ನಿಂತಿರಬಹುದೆಂದು ಅಲ್ಲಾಡಿಸಿ ಕಿವಿಗೆ ಹಿಡಿದರು. ಕೋಣೆ ಈಗಲೂ ನನ್ನದೇ, ಅವರ ಹೆಂಡತಿಯ ಎರಡು ರವಿಕೆಗಳೂ ನನ್ನ ಹತ್ತಿರವೇ ಇವೆ.

ಕೊನೆಯದಾಗಿ ತಮ್ಮಲ್ಲಿ ಕೆಲವು ಬಿನ್ನಹ. ಬೈಯುವುದಿದ್ದರೆ ಇನ್ನು ಮೇಲೆ ಕನ್ನಡದಲ್ಲಿ ಬೈಯಿರಿ, ತಿರುಗಿ ಬೈಯಲು ನನಗೆ ಅನುಕೂಲ. ಮಳೆಗಾಲ ಬರುವುದರೊಳಗೆ ತಲೆಯ ಮೇಲೊಂದು ಕೊಡೆ ಬೆಳೆಸಿಕೊಳ್ಳಿ, ಪಾಚಿ ಹಿಡಿದ ಕಾಂಕ್ರೀಟಿನ ಮೇಲೆ ತಮ್ಮನ್ನು ಹತ್ತುವಷ್ಟು ಹುಚ್ಚಿ ನಾನಲ್ಲ, ಆದರೂ ನೋಡಲು ಚೆನ್ನಾಗಿರುತ್ತದೆ. ಹೇಗೂ ಕೂಗುವ ಬಾಯಿದೆ, ಸೊಂಟದ ಅಳತೆ ಕಡಿಮೆ ಹೇಳುವ ಗಿರಾಕಿಗಳು ಬಂದಾಗ ಒಂದು ಬೀಪ್ ಕೊಟ್ಟರೆ ಉಪಕಾರ. ಅತ್ತೆಯವರು ತಮ್ಮನ್ನು ಒಂದು ಸಲ ಹತ್ತಿ ನೋಡುತ್ತೇನೆಂದು ಹಟ ಮಾಡುತ್ತಿದ್ದಾರೆ. ಅವರ ಅಳತೆಗೆ ಹಾಳೆ ಕತ್ತರಿಸಿಟ್ಟಿದ್ದೇನೆ, ದಯವಿಟ್ಟು ಅವತ್ತು ಒಂದು ದಿನ ಮನುಷ್ಯರ ಹಾಗೆ ನಡೆದುಕೊಳ್ಳಿ.

ಬಿದ್ದರೂ ಬಿಡದ, ತಮ್ಮ ವಿಶ್ವಾಸಿ,
ದಾಕ್ಷಾಯಿಣಿ ಕಲ್ಲೇಶ್

ಮರೆತ ಮಾತು: ನಮ್ಮ ಮನೆಯವರ ಬೈಕು ಪೆಟ್ರೋಲು ಮುಗಿದು ದಿಬ್ಬದ ತಿರುವಿನಲ್ಲಿ ನಿಂತಿದೆಯಂತೆ. ಬಿಸಿಲಂತೆ, ಮಾತಾಡಲು ಒಂದು ನರಪಿಳ್ಳೆಯೂ ಆ ಕಡೆ ಬರುತ್ತಿಲ್ಲವಂತೆ, ಸರ್ಕಲ್ಲಿನಿಂದ ಒಂದು ಬಾಟಲಿ ಪೆಟ್ರೋಲು ತಂದುಕೊಡಬೇಕಂತೆ. ಫೋನು ಬಂದ ಕೂಡಲೇ, ಐದೇ ನಿಮಿಷ, ಬಂದೆ ಎಂದು ಹೇಳಿದೆ. ಹೇಳಿಯಾದ ಮೇಲೆಯೇ ಈ ಪತ್ರ ಬರೆಯಲು ಕೂತದ್ದು.