ಕಡಲೆಹಿಟ್ಟು, ಕುಸುಬೆ ಎಣ್ಣೆ ಮತ್ತು ನನ್ನ ತಲೆ

ಕೂದಲು ಎಂದರೆ ಪ್ರೋಟೀನು. ಹೈಸ್ಕೂಲಿನಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದು ಕಲಿಸುವ ವಿಜ್ಞಾನದ ಮಾಸ್ತರನಿಗೆ ಹೆಂಡತಿಯ ಕೂದಲು ರಿಪೇರಿ ಮಾಡುವುದು ಯಾವ ಲೆಕ್ಕ?

ನಾವು ಮುದ್ದೇಬಿಹಾಳಕ್ಕೆ ವರ್ಗವಾಗಿ ಬಂದಾಗಿನಿಂದ ಸವಳು ನೀರು, ಬಟ್ಟೆ ಸಾಬೂನು ಎರಡೂ ಸೇರಿ ಸುಶೀಲೆಯ ಉದ್ದ ಜಡೆಯನ್ನು ಕಸಬರಿಗೆ ಮಾಡಿಟ್ಟಿದ್ದವು. ಬಸವನ ಬಾಗೇವಾಡಿಯಲ್ಲಿ ಅವಳ ತಂಗಿಯ ಮದುವೆ ಹತ್ತಿರ ಬಂದಿತ್ತು.

"ಇಂಥಾ ತಲಿ ತಗೊಂಡು ತವರಮನಿಗೆ ಹ್ಯಾಂಗ ಹೋಗ್ಲಿ? ಗಂಡ ಹೊಟ್ಟಿಗೆ ಹಾಕ್ತಾನೋ ಇಲ್ಲೋ ಅಂತಾರ ಮಂದಿ," ಎಂದಳು.

ಇದು ನೇರವಾಗಿ ನನ್ನ ಮಾನಕ್ಕೆ ಬಂತು. ಕೂದಲಿಗೆ ಕೋಳಿಯ ತತ್ತಿ ಹಚ್ಚಬೇಕು ಎಂದು ಯಾವುದೋ ಪುಸ್ತಕದಲ್ಲಿ ಓದಿದ್ದೆ. ಆದರೆ ನಮ್ಮಂಥ ವೈಷ್ಣವರ ಮನೆಯಲ್ಲಿ ತತ್ತಿಯ ಹೆಸರೆತ್ತಿದರೆ ತತ್ತಿಯ ಜೊತೆಗೆ ಮಾಸ್ತರನೂ ಹೊರಗೆ. ಆದ್ದರಿಂದ ಕಡಲೆಹಿಟ್ಟನ್ನು ಕುಸುಬೆ ಎಣ್ಣೆಯಲ್ಲಿ ಕಲಸಿದೆ.

"ಹಿಟ್ಟಿನ ಪ್ರೋಟೀನು ಹರಕು ಮುಚ್ಚತದ, ಎಣ್ಣಿ ಮ್ಯಾಲೆ ಕೂತು ಹೊಳಪು ಕೊಡತದ," ಎಂದು ವಿವರಿಸಿದೆ.

"ಭಜಿ ಆಗತದ. ಮದಲ ನಿಮ್ಮ ತಲಿಗೆ ಹಚ್ಚಿ ತೋರಸ್ರಿ."

ವಿಜ್ಞಾನ ಪ್ರಯೋಗಕ್ಕೆ ಅಂಜುವುದಿಲ್ಲ. ತಲೆಗೆಲ್ಲ ಮೆತ್ತಿಕೊಂಡೆ. ಮೀಸೆಯೂ ಕೂದಲೇ ಅಲ್ಲವೇ ಎಂದು ಅದಕ್ಕೂ ಬಳಿದೆ. ಚೆನ್ನಾಗಿ ಇಳಿಯಲೆಂದು ಮಾಳಿಗೆಯ ಮೇಲೆ ಬಿಸಿಲಿಗೆ ಕುಳಿತೆ. ಒಣಗಿದ ಮೇಲೆ ನಗಲೂ ಬರದಾಯಿತು. ಇಳಿದುಬಂದು ಹಂಡೆಯ ಸುಡುನೀರನ್ನು ಸುರಿದುಕೊಂಡೆ.

ಕಡಲೆಹಿಟ್ಟು, ಎಣ್ಣೆ, ಸುಡುನೀರು ಸೇರಿದರೆ ಏನಾಗುತ್ತದೆಂದು ನಮ್ಮ ಕಡೆಯ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ: ಜುಣಕ. ಅದು ರೊಟ್ಟಿಯ ಪಕ್ಕದಲ್ಲಿರಬೇಕು. ನನ್ನ ತಲೆಯ ಮೇಲಿತ್ತು!

"ಒಗ್ಗರಣಿ ತರ್ಲೇನ್ರಿ?" ಎಂದು ಅಡಿಗೆಮನೆಯಿಂದ ಕೇಳಿಸಿತು.

ಬಾಚಣಿಗೆಯ ಹಲ್ಲು ಮುರಿದವು. ಕೂದಲು ಕದಲಲಿಲ್ಲ. ಕಡೆಗೆ ಕ್ಷೌರದವನ ಮುಂದೆ ಕುಳಿತೆ.

"ಮೀಸಿನೂ ತಗೀಬೇಕೇನ್ರಿ ಮಾಸ್ತರ?"

"ತಗಿ."

ನೆತ್ತಿಯ ಹಿಂದೆ ಹಿಟ್ಟು ತಲುಪದ ಒಂದು ಹಿಡಿ ಕೂದಲು ಉಳಿದಿತ್ತು. ಇದ್ದದ್ದಾದರೂ ಇರಲಿ ಎಂದು ಉಳಿಸಿಕೊಂಡೆ. ಅವನು ಕತ್ತರಿ ಕೆಳಗಿಟ್ಟು ನನಗೆ ಕೈಮುಗಿದ. ವಿಜ್ಞಾನಕ್ಕೆ ಗೌರವ ಎಂದುಕೊಂಡೆ.

ಅತ್ತ ಸುಶೀಲೆ ಬರೀ ಕುಸುಬೆ ಎಣ್ಣೆಯನ್ನು ಬೆಚ್ಚಗೆ ಮಾಡಿ ದಿನಾ ತಿಕ್ಕಿಕೊಂಡು, ಸೀಗೆಕಾಯಿ ಹಚ್ಚಿ ತೊಳೆದು, ಮದುವೆಯ ಹೊತ್ತಿಗೆ ಜಡೆ ಮಿಂಚುವಂತೆ ಮಾಡಿಕೊಂಡಿದ್ದಳು. ಅರ್ಧ ಸಿದ್ಧಾಂತ ನನ್ನದೇ ಎಂದೆ. ಅವಳು ಕಡಲೆಹಿಟ್ಟಿನ ಡಬ್ಬಿಯನ್ನು ಎತ್ತಿ ಮೇಲಿಟ್ಟಳು.

ಮದುವೆಯಲ್ಲಿ ಟೊಪ್ಪಿಗೆ ನನ್ನ ಮಾನ ಕಾಯಿತು, ಊಟದವರೆಗೆ. ಮಡಿಯುಟ್ಟು ಪಂಕ್ತಿಗೆ ಕೂರುವಾಗ ಅದನ್ನು ತೆಗೆಯಲೇಬೇಕು. ತೆಗೆದೆ. ಪಂಕ್ತಿಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನಮ್ಮವರಲ್ಲಿ ಮಗ ತಲೆ, ಮೀಸೆ ಬೋಳಿಸಿ ಜುಟ್ಟು ಮಾತ್ರ ಉಳಿಸಿಕೊಂಡನೆಂದರೆ ಅಪ್ಪ ತೀರಿದ ಎಂದೇ ಅರ್ಥ.

ಹೆಂಡತಿಯ ಕಾಕಾ ಬಂದು ನಿಂತರು. "ನಿಮ್ಮ ತಂದಿಯವರು ಹೋದದ್ದು ನಮಗ ತಿಳಸಲೇ ಇಲ್ಲ. ಅದರಾಗ ಸೂತಕ ತಗೊಂಡು ಲಗ್ನಕ್ಕ ಬಂದೀರಿ?"

"ಇಲ್ರೀ ಕಾಕಾ, ಪ್ರೋಟೀನು..."

"ಯಾವ ಬ್ಯಾನಿಯಿಂದ ಹೋದ್ರು ಅಂತ ಆಮ್ಯಾಲೆ ಹೇಳೀರಂತ. ಮದಲ ಏಳ್ರಿ."

ಒಳಗೆ ಹೆಂಗಸರ ಅಳು ಶುರುವಾಯಿತು. ಮದುಮಗಳೂ ಅತ್ತಳು. ತಂಗಿಯ ಮದುವೆಗೆ ಸೂತಕ ತಂದ ಅಪವಾದ ಹೊತ್ತು ಸುಶೀಲೆ ಬಾಗಿಲಲ್ಲಿ ನಿಂತಿದ್ದಳು. ಎಲೆಯ ಮುಂದಿನಿಂದ ಎದ್ದೆ.

ಅಷ್ಟರಲ್ಲಿ ಮದುವೆಗೆಂದು ನಮ್ಮೂರು ಇಂಡಿಯಿಂದ ಹೊರಟಿದ್ದ ನಮ್ಮಪ್ಪ, ಕೈಚೀಲ ಹಿಡಿದು ಏದುಸಿರು ಬಿಡುತ್ತ ಒಳಗೆ ಬಂದರು.

"ಬಸ್ಸು ಸಿಂದಗ್ಯಾಗ ಕೆಟ್ಟಿತ್ತು. ಊಟಾ ಉಳದದಲ್ಲ?"

ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು. ಅಪ್ಪ ಎಲ್ಲರ ಮುಖ ನೋಡಿದರು. ಆಮೇಲೆ ನನ್ನ ತಲೆ ನೋಡಿದರು.

"ನಾ ಇನ್ನೂ ಇದ್ದೀನೋ ತಮ್ಮಾ," ಎಂದರು ಮೆಲ್ಲಗೆ. "ಇಷ್ಟ್ಯಾಕ ಅವಸರ?"

ನಕ್ಕು ನಕ್ಕು ಪಂಕ್ತಿಯವರ ಎಲೆಗಳೇ ಅಲುಗಾಡಿದವು. ಮತ್ತೆ ಎಲೆಗೆ ಕುಳಿತಾಗ ಬಡಿಸುವವನು, ನಾನು ಕೇಳದೆಯೇ, ಭಜಿ ಜಾಸ್ತಿ ಹಾಕಿದ.

ಮರಳುವ ಬಸ್ಸಿನಲ್ಲಿ ಸುಶೀಲೆ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಬಾಡಿದ ಹೂವು ಬಿಡಿಸಿದಳು.

"ಅಷ್ಟು ಮಂದ್ಯಾಗ ನನ್ನ ಜಡಿ ನೋಡಿದಾಕಿ ನಮ್ಮ ಅಜ್ಜಿ ಒಬ್ಬಾಕಿನ," ಎಂದಳು ಆಮೇಲೆ.

"ಏನಂದ್ರು?"

"ಮಾವ ತೀರಿದಾಗ ಇಷ್ಟ ಛಂದ ಜಡಿ ಹಾಕ್ಕೊಂಡು ಹೂವು ಮುಡದೀಯಲ್ಲ, ನಾಚಿಕಿ ಆಗೂದಿಲ್ಲೇನು ಅಂದ್ಲು."

ಮುಖ ಮುಚ್ಚಿಕೊಳ್ಳಲು ಟೊಪ್ಪಿಗೆಯನ್ನು ಸ್ವಲ್ಪ ಕೆಳಗೆಳೆದೆ. ತಡೆಯಲು ಕೂದಲಿಲ್ಲದ್ದರಿಂದ ಅದು ಸೀದಾ ಮೂಗಿನ ತನಕ ಬಂತು.